ನಾವು ಬರೆಯುವ ಕನ್ನಡಕ್ಕೆ ಮುಂಬೈಯ ಋಣ

ನಿಮ್ಮ ಮನೆಯ ಕಪಾಟಿನಲ್ಲಿ ಹಳೆಯ ಸಿಡಿ ಏನಾದರೂ ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಇಪ್ಪತ್ತು ವರ್ಷದ ಹಿಂದೆ ನೀವೇ ಟೈಪ್ ಮಾಡಿದ ಕತೆಯೋ ಲೇಖನವೋ ಅದರಲ್ಲಿ ಇರಬಹುದು. ಇವತ್ತಿನ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಕಾಣಲಿಕ್ಕಿಲ್ಲ. ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಕಡತ ಕೆಟ್ಟಿಲ್ಲ, ವೈರಸ್ಸೂ ಹಿಡಿದಿಲ್ಲ. ನೀವು ಅಂದು ಬರೆದದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಆಗಿರಲಿಲ್ಲ, ಅಷ್ಟೇ. ಅದು ಯಾಕೆ ಹಾಗಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ನೋಡಬೇಕು. ಆ ಚರಿತ್ರೆಯ ಒಂದು ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ ಅಲ್ಲ, ಮುಂಬೈಯಲ್ಲಿ.

ಮೊದಲು ನೆನೆಯಬೇಕಾದವರು ಕೆ.ಪಿ. ರಾವ್. ಮಂಗಳೂರು ಹತ್ತಿರದ ಕಿನ್ನಿಕಂಬಳದವರು, ಹುಟ್ಟಿದ್ದು 1940ರಲ್ಲಿ. ಮುಂಬೈಯ ಟಾಟಾ ಪ್ರೆಸ್ಸಿನಲ್ಲಿ, ಆಮೇಲೆ ಮೋನೋಟೈಪ್ ಕಂಪನಿಯಲ್ಲಿ ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲಿ ದುಡಿದವರು. ಸೀಸದ ಮೊಳೆಗಳು ಹೋಗಿ ಯಂತ್ರಗಳು ಬರುತ್ತಿದ್ದ ಕಾಲ ಅದು. ಒತ್ತಕ್ಷರ, ಗುಣಿತ ಎಲ್ಲ ಸೇರಿದರೆ ಕನ್ನಡಕ್ಕೆ ನೂರಾರು ಆಕಾರಗಳು ಬೇಕು. ಅಷ್ಟು ಕೀಲಿಗಳನ್ನು ಎಲ್ಲಿಂದ ತರುವುದು? ರಾವ್ ಅವರು ಆಕಾರದ ಬೆನ್ನು ಹತ್ತಲಿಲ್ಲ, ಉಚ್ಚಾರವನ್ನು ಹಿಡಿದರು. ಇಂಗ್ಲಿಷಿನ 26 ಕೀಲಿಗಳೇ ಸಾಕು ಅಂದರು. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಒತ್ತಿದರೆ ಮುಗಿಯಿತು. ನಡುವಿನ ಎಫ್ ಇದೆಯಲ್ಲ, ಅದು ಒತ್ತಕ್ಷರದ ಕೊಂಡಿ. ಮುಂದೆ ಕರ್ನಾಟಕ ಸರಕಾರ ಒಪ್ಪಿದ್ದೂ, 'ನುಡಿ' ತಂತ್ರಾಂಶದಲ್ಲಿ ನಾವು ಬಳಸಿದ್ದೂ ಇದೇ ವಿನ್ಯಾಸ. ತನ್ನ ಗುರುಸಮಾನರಾದ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಒಂದು ತಂತ್ರಾಂಶ ಮಾಡಿ ಅದನ್ನೂ ಅವರು ಉಚಿತವಾಗಿ ಹಂಚಿದರು.

ಇದೇ ಕಾಲದಲ್ಲಿ ಇದೇ ಊರಿನಲ್ಲಿ ಇನ್ನೊಂದು ಲಿಪಿಯೂ ಇಂಥದ್ದೇ ಕಷ್ಟದಲ್ಲಿತ್ತು. 'ಇನ್ಕಿಲಾಬ್'ನಂತಹ ಉರ್ದು ಪತ್ರಿಕೆಗಳ ಪುಟಗಳನ್ನು ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. ಓರೆಯಾಗಿ ಇಳಿಯುವ ನಸ್ತಾಲೀಕ್ ಅಕ್ಷರವನ್ನು ಯಂತ್ರಕ್ಕೆ ಹತ್ತಿಸುವುದು ಆಗದ ಮಾತು ಅಂತಲೇ ಎಲ್ಲರೂ ನಂಬಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರು ಅಕ್ಷರಗುಚ್ಛಗಳನ್ನು ಸಾವಿರಗಟ್ಟಲೆ ಕೈಯಲ್ಲಿ ಬರೆದು, ಮೋನೋಟೈಪ್ ಕಂಪನಿಯ ಜೊತೆಗೂಡಿ 'ನೂರಿ ನಸ್ತಾಲೀಕ್' ತಂದರು. 1994ರಲ್ಲಿ ದೆಹಲಿಯಿಂದ 'ಇನ್‌ಪೇಜ್' ಬಂದ ಮೇಲೆ ಕಾತಿಬರ ಲೇಖನಿ ಮೆಲ್ಲಗೆ ಕೆಳಗಿಳಿಯಿತು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿತು. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜ ಅವರು 'ವಿಶ್ವಕನ್ನಡ' ತಾಣ ಶುರು ಮಾಡಿದರು. ಅಂತರಜಾಲದ ಮೊದಲ ಕನ್ನಡ ತಾಣ ಅಂತ ಅದನ್ನು ಗುರುತಿಸುತ್ತಾರೆ. ಅವರಿಗೆ ಆಗ ಕೆಲಸ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ. ಅಣುವಿಜ್ಞಾನದ ಅಂಗಳದಲ್ಲಿದ್ದವರಿಗೆ ಕನ್ನಡದ ಈ ಉಸಾಬರಿ ಯಾಕೆ ಬೇಕಿತ್ತು? ಯಾರೂ ಹೇಳಿರಲಿಲ್ಲ, ಬೇಕು ಅನ್ನಿಸಿತು, ಮಾಡಿದರು.

ಆದರೆ ಆ ದಿನಗಳ ಕನ್ನಡ ಒಂದು ವೇಷ. ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಇಂಗ್ಲಿಷ್, ಫ್ರೆಂಚ್ ಅಕ್ಷರಗಳ ಆ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. 1998ರ 'ಬರಹ'ವೂ ಆಮೇಲಿನ 'ನುಡಿ'ಯೂ ಮೊದಮೊದಲು ನಡೆದದ್ದು ಹೀಗೆಯೇ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಇನ್‌ಪೇಜಿನ ಹಳೆಯ ಉರ್ದು ಕಡತಗಳದ್ದೂ ಇದೇ ಪಾಡು.

ಇದಕ್ಕೆ ಮದ್ದು ಯೂನಿಕೋಡ್. ಅಲ್ಲಿ ಕನ್ನಡಕ್ಕೆ ಬಾಡಿಗೆ ಮನೆ ಅಲ್ಲ, ಸ್ವಂತ ಮನೆ. 1991ರ ಮೊದಲ ಆವೃತ್ತಿಯಲ್ಲೇ ನಮಗೆ ಜಾಗ ಸಿಕ್ಕಿತ್ತು, ಆದರೆ ಮನೆಯೊಳಗೆ ದೀಪ ಹತ್ತಲು ಹತ್ತು ವರ್ಷ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಇತ್ತು. ಅದನ್ನು ರೂಪಿಸಿದವರು ಮುಂಬೈಯ ಆರ್.ಕೆ. ಜೋಶಿ ಮತ್ತು ವಿನಯ ಸಾಯ್ನೇಕರ್. ಜೋಶಿಯವರು ಮರಾಠಿ ಕವಿ, ಕೈಬರಹದ ದೊಡ್ಡ ಕಲಾವಿದ. ಪವಾಯಿಯ ಐಐಟಿಯಲ್ಲಿ ಪಾಠ ಮಾಡಿ, ಆಮೇಲೆ ಜುಹುವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ ಭಾರತದ ಲಿಪಿಗಳ ಮೇಲೆ ಕೆಲಸ ಮಾಡಿದವರು. 2008ರಲ್ಲಿ ತೀರಿಕೊಂಡರು. ಮಲೆನಾಡಿನ ನದಿಯ ಹೆಸರು ಹೊತ್ತ ನಮ್ಮ ಅಕ್ಷರಗಳಿಗೆ ಅರಬ್ಬೀ ಕಡಲ ದಂಡೆಯ ಊರಿನಲ್ಲಿ, ಮರಾಠಿ ಮನುಷ್ಯನ ಕಣ್ಗಾವಲಿನಲ್ಲಿ ರೂಪ ಬಂತು. ಭಾಷೆಯ ಹೆಸರಿನಲ್ಲಿ ಗಡಿಜಗಳ ಕೇಳಿ ಬರುವಾಗಲೆಲ್ಲ ಇದನ್ನು ನೆನಪು ಮಾಡಿಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆಯೇ ಕನ್ನಡ ಬ್ಲಾಗುಗಳು ಮೊಳೆತದ್ದು. 2005ರಲ್ಲಿ 'ಸಂಪದ', ಅದರ ಹಿಂದೆಯೇ ಅಬ್ದುಲ್ ರಶೀದರ 'ಕೆಂಡಸಂಪಿಗೆ'. 2007ರ ಸುಮಾರಿಗೆ ಬ್ಲಾಗರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡವಾಗುವ ಸೌಲಭ್ಯವೂ ಬಂತು. ಸಂಪಾದಕರ ಬಾಗಿಲು ತಟ್ಟದೆಯೇ ಬರೆಯಬಹುದು ಅಂತ ಆದಾಗ, ನಮ್ಮ ಹೆಣ್ಣುಮಕ್ಕಳೂ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಹುಡುಗರೂ ಬರೆಯತೊಡಗಿದರು.

ಈಗ ನಿಮ್ಮಲ್ಲಿ ಒಂದು ಮಾತು. ವೇದಿಕೆ ಯಾವುದೇ ಇರಲಿ, ಅದು ನಮ್ಮ ಸ್ವಂತದ್ದಲ್ಲ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ಮಾತ್ರ ಬರೆದಿಟ್ಟು, ಬೇರೆ ಪ್ರತಿ ಇಟ್ಟುಕೊಳ್ಳದವರು ಕೈ ಹಿಸುಕಿಕೊಂಡರು. ಬ್ಲಾಗರ್‌ನ ಸೆಟ್ಟಿಂಗ್ಸ್ ಒಳಗೆ ಬ್ಲಾಗನ್ನು ಇಳಿಸಿಕೊಳ್ಳುವ ದಾರಿ ಇದೆ. ಇವತ್ತೇ ಇಳಿಸಿಡಿ. ಹಳೆಯ ನುಡಿ, ಬರಹದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಒಮ್ಮೆ ಓದಿ ನೋಡಿ, ಮುಖ್ಯವಾಗಿ ಅರ್ಕಾವೊತ್ತು ಇರುವಲ್ಲಿ. 'ಧರ್ಮ' ಅನ್ನುವಾಗ ಹಳೆಯ ಫಾಂಟಿನಲ್ಲಿ ರಕಾರದ ಗುರುತು ಮಕಾರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲೇ ಬರುತ್ತದೆ. ತಪ್ಪು ನುಸುಳುವುದು ಅಲ್ಲೇ.

ನಮ್ಮ ಸಮುದಾಯದ ಬದುಕು ಕನ್ನಡದಲ್ಲಿ ದಾಖಲಾದದ್ದೇ ಕಡಿಮೆ. ಆಗಿರುವುದರಲ್ಲೂ ಅರ್ಧ ಸಿಡಿಗಳಲ್ಲಿ, ಸತ್ತ ಫಾಂಟುಗಳಲ್ಲಿ ಹೂತು ಹೋಗಿದೆ. ರಾವ್, ಪವನಜ, ಜೋಶಿ ಇವರೆಲ್ಲ ಸೇರಿ ನಮಗೆ ಬರೆಯುವ ದಾರಿ ಮಾಡಿಕೊಟ್ಟರು. ಬರೆದದ್ದನ್ನು ಉಳಿಸುವ ಕೆಲಸ ಮಾತ್ರ ನಮ್ಮದೇ. ಆ ಕಪಾಟು ಇವತ್ತು ಸಂಜೆಯೇ ತೆರೆಯಿರಿ.