ಸೇತುವೆಯ ತಂತಿಗೆ ಸತುವಿನ ಕಾವಲು

ಕಲಾಯಿಯವನ ಕೂಗು ಬೀದಿಯಲ್ಲಿ ಕೇಳಿದೊಡನೆ ಹಿತ್ತಾಳೆಯ ಪಾತ್ರೆಗಳೆಲ್ಲ ಜಗುಲಿಗೆ ಬಂದು ಕೂಡುತ್ತಿದ್ದ ಕಾಲವೊಂದಿತ್ತು. ತವರದ ತೆಳುವಾದ ಲೇಪ ಒಳಗೆ ಕುಳಿತರೆ ಹುಳಿ ಹಾಕಿದ ಸಾರು ಕಿಲುಬು ಹಿಡಿಯುವ ಭಯವಿಲ್ಲ. ಒಂದು ಲೋಹಕ್ಕೆ ಇನ್ನೊಂದು ಲೋಹದ ಹೊದಿಕೆ ಎಂಬ ಈ ಅಡುಗೆಮನೆಯ ಉಪಾಯವನ್ನು ದೊಡ್ಡ ತೂಗುಸೇತುವೆಯೊಂದು ನಂಬಿ ನಿಂತ ಕಥೆಯೂ ಉಂಟು.

ನ್ಯೂಯಾರ್ಕಿನ ಈಸ್ಟ್ ರಿವರ್ ಹೆಸರಿಗೆ ನದಿ. ನಿಜವಾಗಿ ಕಡಲಿನ ತೋಳು. ನೀರೂ ಉಪ್ಪು, ಗಾಳಿಯೂ ಉಪ್ಪು. ಅದರ ಮೇಲೆ ಎರಡು ಗೋಪುರಗಳ ನಡುವೆ 1,595 ಅಡಿ ಉದ್ದಕ್ಕೂ ಆಸರೆಯಿಲ್ಲದ ಬ್ರೂಕ್ಲಿನ್ ಸೇತುವೆಯನ್ನು ಕಟ್ಟಲು ಜಾನ್ ರೋಬ್ಲಿಂಗ್ ಯೋಜಿಸಿದರು. 1869ರಲ್ಲಿ ಅವರು ಕಾಲಿಗೆ ಪೆಟ್ಟು ಬಿದ್ದು, ಧನುರ್ವಾಯುವಾಗಿ ತೀರಿಕೊಂಡರು. ಹೊಣೆ ಹೊತ್ತ ಮಗ ವಾಷಿಂಗ್ಟನ್, ನದೀತಳದ ಒತ್ತಡದ ಗಾಳಿಯಲ್ಲಿ ದುಡಿದು ಹಾಸಿಗೆ ಹಿಡಿದರು. ಮುಂದೆ ಪತ್ನಿ ಎಮಿಲಿಯವರೇ ಅವರ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸಿದರು.

ದೊಡ್ಡ ತೂಗುಸೇತುವೆಗಳಿಗೆ ಅದುವರೆಗೆ ಕಬ್ಬಿಣದ ತಂತಿಯೇ ಗತಿ. ವಾಷಿಂಗ್ಟನ್ ಉಕ್ಕನ್ನು ಆರಿಸಿದರು. ನಾಲ್ಕು ಕೇಬಲ್ಲುಗಳು, ಒಂದೊಂದರಲ್ಲಿ ಐದು ಸಾವಿರಕ್ಕೂ ಹೆಚ್ಚು ತಂತಿಗಳು. ಉಪ್ಪುಗಾಳಿಗೆ ಉಕ್ಕು ತುಕ್ಕಾಗದಿರಲು ಪ್ರತಿ ತಂತಿಗೂ ಸತುವಿನ ಲೇಪವಿರಬೇಕೆಂದು ಅವರು ಕರಾರು ಮಾಡಿದರು.

ಈ ವಿದ್ಯೆಗೆ 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತ ಪೇಟೆಂಟು ಪಡೆದಿದ್ದ. ಉಕ್ಕನ್ನು ಆಮ್ಲದಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದೇ ಅದರ ಕ್ರಮ. ನಮ್ಮ ಬಚ್ಚಲಿನ ತಗಡಿನ ಬಕೆಟ್ಟಿಗೆ ಇರುವುದೂ ಇದೇ ಅಂಗಿ. ಆದರೆ ತವರಕ್ಕೂ ಸತುವಿಗೂ ಸ್ವಭಾವ ಬೇರೆ. ಕಬ್ಬಿಣದ ಮೇಲಿನ ತವರ ಗೀರಿಹೋದರೆ, ಆ ಗೀರಿನಲ್ಲಿ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಸತು ಹಾಗಲ್ಲ. ಗೀರು ಬಿದ್ದರೂ ಪಕ್ಕದಲ್ಲಿ ತಾನು ಸವೆಯುತ್ತ ಉಕ್ಕನ್ನು ಉಳಿಸುತ್ತದೆ. ಮನೆಯ ಹಿರಿಯರು ತಾವು ಸವೆದು ಮಕ್ಕಳನ್ನು ದಡ ಸೇರಿಸುವಂತೆ.

ಆದರೆ ಸತು ತುಕ್ಕನ್ನು ತಡೆದೀತು, ಮೋಸವನ್ನು ತಡೆದೀತೆ? ತಂತಿಯ ಗುತ್ತಿಗೆ ಹಿಡಿದ ಲಾಯ್ಡ್ ಹೇಗ್, ಪರೀಕ್ಷಕರಿಗೆ ಒಳ್ಳೆಯ ತಂತಿಯನ್ನು ತೋರಿಸಿ ಒಪ್ಪಿಗೆ ಪಡೆದು, ಸೇತುವೆಗೆ ಹೋಗುವ ದಾರಿಯಲ್ಲಿ ತಿರಸ್ಕೃತ ತಂತಿಯನ್ನು ಬದಲಿಡುತ್ತಿದ್ದ. 1878ರಲ್ಲಿ ಗುಟ್ಟು ಬಯಲಾಗುವ ಹೊತ್ತಿಗೆ ಕೆಟ್ಟ ತಂತಿ ಕೇಬಲ್ಲಿನೊಳಗೆ ಸೇರಿಹೋಗಿತ್ತು, ಬಿಚ್ಚಿ ತೆಗೆಯುವಂತಿರಲಿಲ್ಲ. ಅಗತ್ಯಕ್ಕಿಂತ ಆರು ಪಟ್ಟು ಬಲವಿರಲೆಂದು ಮೊದಲೇ ಲೆಕ್ಕ ಹಾಕಿದ್ದ ವಾಷಿಂಗ್ಟನ್, ಈಗಲೂ ಐದು ಪಟ್ಟಾದರೂ ಉಳಿಯುವುದೆಂದು ಕಂಡುಕೊಂಡರು. ಕೇಬಲ್ಲಿಗೆ ಸುಮಾರು 150ರಂತೆ ಒಳ್ಳೆಯ ತಂತಿಗಳನ್ನು ಹೇಗನ ಖರ್ಚಿನಲ್ಲೇ ಹೆಚ್ಚಾಗಿ ಸೇರಿಸಿದರು. 1883ರ ಮೇ 24ರಂದು ತೆರೆದ ಸೇತುವೆಯನ್ನು ಅದೇ ಕೇಬಲ್ಲುಗಳು ಇಂದಿಗೂ ಹೊತ್ತಿವೆ.

ಸತುವಿನ ಬೆಲೆ ತಿಳಿದದ್ದು ನೆರೆಯ ಸೇತುವೆಯಿಂದ. ಅದೇ ನದಿಯ ಮೇಲೆ 1903ರಲ್ಲಿ ತೆರೆದ ವಿಲಿಯಮ್ಸ್‌ಬರ್ಗ್ ಸೇತುವೆ ಐದಡಿ ಹೆಚ್ಚು ಉದ್ದದ್ದು. ಅದರ ತಂತಿಗಳಿಗೆ ಸತುವಿರಲಿಲ್ಲ. ಎಣ್ಣೆ, ಗ್ರಾಫೈಟುಗಳ ಲೇಪವನ್ನೇ ನಂಬಿದ್ದರು. ನೀರು ಒಳಗಿಳಿಯಿತು, ತಂತಿಗಳು ತುಕ್ಕಿಗೆ ತುತ್ತಾಗಿ ಮುರಿಯತೊಡಗಿದವು. ಸೇತುವೆಯ ಉಳಿದ ಉಕ್ಕಿಗೂ ಆರೈಕೆ ಸಾಲದೆ, 1988ರಲ್ಲಿ ಸುಮಾರು ಎರಡು ತಿಂಗಳು ಅದನ್ನು ಮುಚ್ಚಬೇಕಾಯಿತು. ಕೆಡವಿ ಹೊಸದನ್ನೇ ಕಟ್ಟುವ ಮಾತೂ ಎದ್ದು, ಕೊನೆಗೆ ದುರಸ್ತಿಯಲ್ಲಿ ಉಳಿಯಿತು.

ಹಾಗೆಂದು ಸತು ಅಮೃತವಲ್ಲ. ಅದು ಪೂರ್ತಿ ಸವೆದ ದಿನ ಉಕ್ಕಿನ ಸರದಿ. ಬ್ರೂಕ್ಲಿನ್ ಸೇತುವೆಯಲ್ಲೇ 1981ರಲ್ಲಿ ಓರೆಯಾಗಿ ಕಟ್ಟಿದ್ದ ಉಕ್ಕಿನ ಹಗ್ಗಗಳು ಕಡಿದುಬಿದ್ದು ದಾರಿಹೋಕರೊಬ್ಬರು ಪ್ರಾಣ ಕಳೆದುಕೊಂಡರು. ಜಪಾನಿನಲ್ಲಿ 1998ರಲ್ಲಿ ತೆರೆದ ಆಕಾಶಿ ಸೇತುವೆಯಲ್ಲಿ ಸತು ಹಚ್ಚಿದ ತಂತಿಗಳ ನಡುವೆ ಒಣಗಾಳಿಯನ್ನೂ ಊದುತ್ತಾರೆ. ಕಲಾಯಿಯವನು ಒಮ್ಮೆ ಬಂದು ಹೋದರೆ ಮುಗಿಯಲಿಲ್ಲ, ವರ್ಷವರ್ಷವೂ ಬರಬೇಕೆಂಬುದನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲವರಾಗಿದ್ದರು.