ಮಗುವಿನ ಮಾತು ಮತ್ತು ರೋಗಪತ್ತೆಯ ವಿಳಂಬ: ಸುಲ್ತಾನ್ ಬತ್ತೇರಿಯ ಶಾಲಾ ಹಾವುಕಡಿತ ಪ್ರಕರಣದ ಮರುಪರಿಶೀಲನೆ

ಚಿಕಿತ್ಸೆ ತಡವಾಗುವುದು ಎಲ್ಲೆಲ್ಲಿ ಎಂಬ ಪ್ರಶ್ನೆಗೆ ಆರೋಗ್ಯ ಸಂಶೋಧಕರು ಇಂದಿಗೂ ಬಳಸುವ ಚೌಕಟ್ಟು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಅವರದು. ಹೆರಿಗೆಯ ಸಾವುಗಳನ್ನು ಕುರಿತ 1994ರ ಪ್ರಬಂಧದಲ್ಲಿ ಅವರು ಮೂರು ವಿಳಂಬಗಳನ್ನು ಗುರುತಿಸಿದರು: ಆಸ್ಪತ್ರೆಗೆ ಹೋಗುವ ನಿರ್ಧಾರದಲ್ಲಿ ಒಂದು, ಅಲ್ಲಿಗೆ ತಲುಪುವುದರಲ್ಲಿ ಇನ್ನೊಂದು, ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವುದರಲ್ಲಿ ಮತ್ತೊಂದು. ಈ ವಿಂಗಡಣೆ ಮುಂದೆ ಹಾವುಕಡಿತದ ಅಧ್ಯಯನಗಳಿಗೂ ಹರಡಿತು. ಶಾಲಾ ಮಕ್ಕಳ ವಿಷಯದಲ್ಲಿ ಈ ಚೌಕಟ್ಟಿಗೆ ತಿದ್ದುಪಡಿ ಬೇಕೆಂಬುದು ಪ್ರಸ್ತುತ ಲೇಖನದ ವಾದ. ಆಧಾರ, 2019ರ ನವೆಂಬರ್ 20ರಂದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ನಡೆದ ಘಟನೆ.

ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವುಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ, ವರ್ಷಕ್ಕೆ ಸರಾಸರಿ 58,000 ಮಂದಿ, ಹಾವುಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಸುರವೀರ ಮತ್ತು ಸಂಗಡಿಗರ ಅಂದಾಜು ಹೇಳುತ್ತದೆ. ಇವರಲ್ಲಿ ಕಾಲುಭಾಗಕ್ಕೂ ಹೆಚ್ಚು 15 ವರ್ಷದೊಳಗಿನ ಮಕ್ಕಳು. ನಮ್ಮಲ್ಲಿ ದೊರೆಯುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಕೇರಳದ ಬೆಟ್ಟತೋಟಗಳಲ್ಲಿ ಕಾಣುವ ಉಬ್ಬುಮೂಗಿನ ಗುಳಿಮಂಡಲ ಈ ಪಟ್ಟಿಯಲ್ಲಿಲ್ಲ. ಅದರ ಕಡಿತವೂ ಪ್ರಾಣಾಂತಿಕವಾಗಬಲ್ಲದೆಂದು 2007ರಲ್ಲಿ ಜೋಸೆಫ್ ಮತ್ತು ಸಂಗಡಿಗರು ದಾಖಲಿಸಿದರು. ಸಾವುಗಳಿಗೆ ಕಾರಣವಾಗಿ ಹೆಚ್ಚಿನ ಬರಹಗಳು ಬೊಟ್ಟುಮಾಡುವುದು ಊರಿನ ದೂರ, ಬಡತನ ಮತ್ತು ನಾಟಿ ವೈದ್ಯರ ಮೇಲಿನ ನಂಬಿಕೆಯತ್ತ.

ಬತ್ತೇರಿಯ ಘಟನೆ ಈ ವಿವರಣೆಗೆ ಒಗ್ಗುವುದಿಲ್ಲ. ಅಂದು ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಪಟ್ಟಣದ ಸರ್ಕಾರಿ ಸರ್ವಜನ ಶಾಲೆಯ ಐದನೇ ತರಗತಿಯ ಬಾಲಕಿಯೊಬ್ಬಳಿಗೆ ಪಾಠದ ಕೋಣೆಯಲ್ಲೇ ಹಾವು ಕಚ್ಚಿತು. ಅವಳ ಕಾಲು ಕೋಣೆಯ ಪೊಟರೆಯೊಂದಕ್ಕೆ ತಾಗಿತ್ತು. ಹಾವು ಕಚ್ಚಿತೆಂದು ಅವಳು ಹೇಳಿದರೂ ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲ, ತಂದೆ ಬರುವವರೆಗೆ ಕಾದರು ಎಂದು ಸಹಪಾಠಿಗಳು ಮಾಧ್ಯಮಗಳ ಮುಂದೆ ಹೇಳಿದರು. ತಂದೆ ಬಂದು ಮೊದಲು ಖಾಸಗಿ ಆಸ್ಪತ್ರೆಗೆ, ಅನಂತರ ತಾಲೂಕು ಆಸ್ಪತ್ರೆಗೆ ಕರೆದೊಯ್ದರು. ವರದಿಗಳ ಪ್ರಕಾರ ಅಲ್ಲಿ ರಕ್ತಪರೀಕ್ಷೆ ಮಾಡಿ ನಿಗಾದಲ್ಲಿ ಇರಿಸಿದರು. ಸ್ಥಿತಿ ಹದಗೆಟ್ಟಾಗ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿಗೆ ಕಳಿಸಿದರು. ಆ ದಾರಿಯಲ್ಲೇ ಅವಳು ತೀರಿಕೊಂಡಳು. ವಿದ್ಯಾರ್ಥಿಗಳು ಬೀದಿಗಿಳಿದರು. ಶಿಕ್ಷಕರನ್ನೂ ವೈದ್ಯರನ್ನೂ ಅಮಾನತುಗೊಳಿಸಲಾಯಿತು. ವಿಷಯ ಕೇರಳ ಹೈಕೋರ್ಟಿಗೂ ಹೋಯಿತು. ಯಾರು ತಪ್ಪಿತಸ್ಥರೆಂಬುದು ನ್ಯಾಯಾಲಯದ ವಿಚಾರ. ಅದನ್ನು ಈ ಲೇಖನ ಮುಟ್ಟುವುದಿಲ್ಲ.

ಇಲ್ಲಿ ದೂರ ಮೊದಲ ಅಡ್ಡಿಯಾಗಿರಲಿಲ್ಲ: ಶಾಲೆಯೂ ಆಸ್ಪತ್ರೆಗಳೂ ಒಂದೇ ಪಟ್ಟಣದಲ್ಲಿವೆ. ಮನೆಯವರು ಹಿಂಜರಿಯಲಿಲ್ಲ, ತಂದೆ ಬಂದೊಡನೆ ಆಸ್ಪತ್ರೆಗೇ ಹೋದರು. ನಾಟಿ ವೈದ್ಯರ ಮನೆಗೆ ಯಾರೂ ಒಯ್ಯಲಿಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳಿರುವ, ಸುಮಾರು 100 ಕಿಲೋಮೀಟರಿನ ದಾರಿ ಎದುರಾದದ್ದು ಆಸ್ಪತ್ರೆ ಸೇರಿದ ಮೇಲೆ. ಅಂದರೆ ಥಡ್ಡಿಯಸ್–ಮೇನ್ ಅವರ ಎರಡನೆಯ ವಿಳಂಬ ಮೂರನೆಯದರ ಬೆನ್ನಿಗೆ ಬಂತು. ಹಾಗಾದರೆ ಮೊದಲ ವಿಳಂಬದ ಸ್ವರೂಪವೇನು?

ಅದು ನಂಬಿಕೆಯ ವಿಳಂಬ ಎಂಬುದು ನನ್ನ ಉತ್ತರ. ಘಟನೆಯನ್ನು ಬಲ್ಲವಳು ಆ ಬಾಲಕಿ. ಹೊರಡುವ ನಿರ್ಧಾರ ದೊಡ್ಡವರದು. ಅವಳ ಅರಿವು ನಿರ್ಧಾರವಾಗಿ ಮಾರ್ಪಡಬೇಕಾದರೆ ದೊಡ್ಡವರೊಬ್ಬರು ಅವಳ ಮಾತನ್ನು ನಿಜವೆಂದು ಒಪ್ಪಬೇಕಿತ್ತು. ಹಾವಿ ಕ್ಯಾರೆಲ್ ಮತ್ತು ಗೀತಾ ಗ್ಯೋರ್ಫಿ 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದಕ್ಕೆ ಹತ್ತಿರದ ಮಾತನ್ನೇ ಎತ್ತಿದ್ದರು: ವಯಸ್ಸಿನ ಕಾರಣಕ್ಕೆ ಮಕ್ಕಳ ಸಾಕ್ಷ್ಯದ ತೂಕ ಇಳಿದುಹೋಗುತ್ತದೆ. ಅವರ ಗಮನ ಆಸ್ಪತ್ರೆಯ ಒಳಗಿತ್ತು. ಬತ್ತೇರಿ ನಮ್ಮನ್ನು ತರಗತಿಗೆ ಕರೆದೊಯ್ಯುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ರೋಗಿಯ ಬದಲು ಬೇರೆಯವರು ನಿರ್ಧರಿಸುವ ಸನ್ನಿವೇಶ ಥಡ್ಡಿಯಸ್ ಮತ್ತು ಮೇನ್ ಅವರಿಗೆ ಅಪರಿಚಿತವಲ್ಲ. ಮನೆಯಲ್ಲಿ ಹೆಣ್ಣಿನ ಸ್ಥಾನಮಾನವನ್ನೂ ಕಾಯಿಲೆಯ ಗಂಭೀರತೆಯನ್ನು ಗುರುತಿಸುವ ಪ್ರಶ್ನೆಯನ್ನೂ ಅವರು ಮೊದಲ ವಿಳಂಬದಲ್ಲೇ ಅಡಕಗೊಳಿಸಿದ್ದಾರೆ. ಹೀಗಿರುವಾಗ ಹೊಸ ಹೆಸರಿನ ಅಗತ್ಯವೇನು? ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ: ಮೂರರ ಹಿಂದೆ ನಾಲ್ಕನೆಯದೊಂದನ್ನು ಜೋಡಿಸುವುದರಿಂದ ಪ್ರಯೋಜನವಿಲ್ಲ. ಆದರೆ ಅವರ ಚೌಕಟ್ಟಿನಲ್ಲಿ ಗುರುತಿಸುವಿಕೆ ಸೋಲುವುದು ಅಪಾಯದ ಲಕ್ಷಣಗಳ ತಿಳಿವಳಿಕೆ ಇಲ್ಲದಾಗ. ಬತ್ತೇರಿಯಲ್ಲಿ ತಿಳಿವಳಿಕೆ ಇತ್ತು. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಲಿಲ್ಲ. ಈ ದಾಟುವಿಕೆಯ ಸೋಲು ಒಂದೇ ಹಂತಕ್ಕೆ ಸೀಮಿತವಾಗುವುದಿಲ್ಲ; ಶಾಲೆಯಲ್ಲಿ ಶುರುವಾಗಿ ಆಸ್ಪತ್ರೆಯ ಹಾಸಿಗೆಯ ಬಳಿ ಮರುಕಳಿಸಬಹುದು. ಆದ್ದರಿಂದ ಅದನ್ನು ಮೂರು ವಿಳಂಬಗಳ ಮೂಲಕವೂ ಹಾಯುವ ಕಾರಣವೆಂದು ಪರಿಗಣಿಸುವುದು ಹೆಚ್ಚು ಸರಿ.

ಆಸ್ಪತ್ರೆಯಲ್ಲಿ ಅದು ಮರುಕಳಿಸುವ ಬಗೆ ಪರೀಕ್ಷೆಯೊಂದರ ಇತಿಹಾಸದಲ್ಲಿ ಕಾಣುತ್ತದೆ. ಒಣಗಿದ, ಶುದ್ಧ ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ವಿಧಾನವನ್ನು ಡೇವಿಡ್ ವಾರೆಲ್ ಮತ್ತು ಸಂಗಡಿಗರು 1977ರಲ್ಲಿ ನೈಜೀರಿಯಾದಿಂದ ವರದಿ ಮಾಡಿದರು. ಯಂತ್ರ ಬೇಡದ, ಖರ್ಚಿಲ್ಲದ ಈ ಪರೀಕ್ಷೆ ನಮ್ಮ ತಾಲೂಕು ಆಸ್ಪತ್ರೆಗಳ ಮಟ್ಟಿಗೆ ದೊಡ್ಡ ನೆರವು. ಅದರ ಮಿತಿಯೂ ದೊಡ್ಡದು. 2013ರಲ್ಲಿ ಐಸ್‌ಬಿಸ್ಟರ್ ಮತ್ತು ಸಂಗಡಿಗರು ಶ್ರೀಲಂಕಾದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ಅಭ್ಯಸಿಸಿದಾಗ, ಪರೀಕ್ಷೆ 'ವಿಷವಿದೆ' ಎಂದಾಗಲೆಲ್ಲ ನಿಜವಿತ್ತು. ಆದರೆ ರಕ್ತದ ಹೆಪ್ಪುಗಟ್ಟುವಿಕೆ ಕೆಟ್ಟಿದ್ದವರಲ್ಲಿ ಶೇ. 40ರಷ್ಟನ್ನು ಮಾತ್ರ ಅದು ಹಿಡಿಯಿತು. ಫಲಿತಾಂಶ ಋಣಾತ್ಮಕವಾದವರಿಗೆ ಪ್ರತಿವಿಷ ಸಿಗುವುದೂ ತಡವಾಯಿತು. ನಾಲ್ಕು ವರ್ಷಗಳ ಬಳಿಕ ರತ್ನಾಯಕೆ ಮತ್ತು ಸಂಗಡಿಗರು ಅದೇ ದೇಶದಲ್ಲಿ ನಳಿಕೆ, ಅಳತೆಗಳ ಶಿಸ್ತು ಪಾಲಿಸಿದಾಗ ಆ ಪ್ರಮಾಣ ಶೇ. 82ಕ್ಕೆ ಏರಿತು. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಪರೀಕ್ಷೆಯ 'ಹೌದು' ನಂಬಲರ್ಹ, ಅದರ 'ಇಲ್ಲ' ಅಷ್ಟು ನಂಬಲರ್ಹವಲ್ಲ. ಅಲ್ಲದೆ ನಾಗರಹಾವು, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುವುದರಿಂದ ರಕ್ತ ಎಂದಿನಂತೆ ಹೆಪ್ಪುಗಟ್ಟಬಹುದು. ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಅಲ್ಲಿನ ಸುಳಿವುಗಳು.

ಹೀಗಾಗಿ 'ಹಾವು ಕಚ್ಚಿತು' ಎಂಬ ಮಗುವಿನ ಮಾತಿಗೂ ಋಣಾತ್ಮಕ ಪರೀಕ್ಷೆಗೂ ತಾಳೆಯಾಗದಿದ್ದರೆ ಮಗುವಿನ ಮಾತನ್ನು ಕೈಬಿಡಲು ಆ ಪರೀಕ್ಷೆಯೊಂದೇ ಸಾಲದು. ಇದು ಈ ಲೇಖನದ ಅತ್ಯಂತ ಗಟ್ಟಿಯಾದ ಹೇಳಿಕೆ. ಆದ್ದರಿಂದ ಅದರ ಎಲ್ಲೆಗಳನ್ನೂ ಹೇಳಬೇಕು. ನಂಬುವುದೆಂದರೆ ಕೂಡಲೇ ಪ್ರತಿವಿಷ ಕೊಡುವುದೆಂದಲ್ಲ. ವಿಷವೇರದ ಕಡಿತಗಳೂ ಉಂಟು, ಪ್ರತಿವಿಷದಿಂದ ತೀವ್ರ ಅಲರ್ಜಿಯೂ ಆದೀತು. ವಿಷದ ಲಕ್ಷಣ ಕಂಡಾಗಲೇ ಅದನ್ನು ಕೊಡಬೇಕೆಂಬ ನಿಯಮ ಸಕಾರಣವಾದುದು. ವೈದ್ಯರ ಅಂಜಿಕೆಯನ್ನು ಹಗುರಾಗಿ ಕಾಣಲಾಗದು. ಆ ಅಂಜಿಕೆಗೆ ಪರಿಹಾರವೂ ಇಲ್ಲದಿಲ್ಲ: ಮುಂಚಿತವಾಗಿ ಅಲ್ಪ ಪ್ರಮಾಣದ ಅಡ್ರಿನಲಿನ್ ಕೊಟ್ಟರೆ ಮೊದಲ ಗಂಟೆಯ ತೀವ್ರ ಪ್ರತಿಕ್ರಿಯೆಗಳು ಶೇ. 43ರಷ್ಟು ತಗ್ಗುತ್ತವೆಂದು ಡಿ ಸಿಲ್ವ ಮತ್ತು ಸಂಗಡಿಗರ 2011ರ ಪ್ರಯೋಗ ತೋರಿಸಿತು. ನಂಬಿಕೆ ಕೇಳುವುದು ಮೂರನ್ನು: ಶಾಲೆಯಿಂದ ಕೂಡಲೇ ಹೊರಡುವುದು, ಪರೀಕ್ಷೆಯನ್ನೂ ನರಲಕ್ಷಣಗಳ ತಪಾಸಣೆಯನ್ನೂ ಮತ್ತೆಮತ್ತೆ ನಡೆಸುವುದು, ಉಸಿರಾಟಕ್ಕೆ ಆಸರೆ ಒದಗಿಸಲು ಸಿದ್ಧವಿರುವುದು.

ಒಂದು ಪ್ರಕರಣದಿಂದ ಸಾಮಾನ್ಯ ನಿಯಮ ಹುಟ್ಟದು. ಪ್ರಚಲಿತ ವಿವರಣೆ ಎಲ್ಲಿ ಸಾಲದೆಂದು ತೋರಿಸುವಷ್ಟು ಬಲ ಮಾತ್ರ ಬತ್ತೇರಿಗಿದೆ. ವಾದವನ್ನು ಪರೀಕ್ಷಿಸುವುದೂ ಸುಲಭವಲ್ಲ, ಏಕೆಂದರೆ ಆಸ್ಪತ್ರೆಯ ಕಡತ ಆರಂಭವಾಗುವುದು ರೋಗಿ ಒಳಬಂದ ಹೊತ್ತಿನಿಂದ. ಅದಕ್ಕೆ ಮುಂಚೆ ಮಗು ಆಡಿದ ಮಾತು ಅಲ್ಲಿ ದಾಖಲಾಗುವುದಿಲ್ಲ. ಮಗು ಯಾರಿಗೆ, ಎಷ್ಟು ಹೊತ್ತಿಗೆ, ಏನು ಹೇಳಿತು ಎಂಬುದನ್ನು ಶಾಲೆ ಬರೆದು ವೈದ್ಯರ ಕೈಗೆ ಕೊಡುವ ಪದ್ಧತಿ ಬಂದರೆ ಚಿಕಿತ್ಸೆಗೂ ಸಂಶೋಧನೆಗೂ ನೆರವಾದೀತು. ವಯನಾಡಿನ ಬುಡಕಟ್ಟುಗಳಲ್ಲೂ ವಯನಾಡನ್ ಚೆಟ್ಟಿ ಸಮುದಾಯದಲ್ಲೂ ಕಂಡುಬರುವ ಸಿಕಲ್ ಸೆಲ್ ಕಾಯಿಲೆಯ ನೋವಿಗೂ ಹೊರಗುರುತು ಇರುವುದಿಲ್ಲ. ಅಲ್ಲಿಯೂ ಶಾಲಾ ಮಕ್ಕಳ ರೋಗಪತ್ತೆ ಇದೇ ಕಾರಣಕ್ಕೆ ತಡವಾಗುತ್ತಿದೆಯೇ ಎಂಬುದು ಮುಂದಿನ ಅಧ್ಯಯನಕ್ಕೆ ಉಳಿದ ಪ್ರಶ್ನೆ.