ಈಚಲು

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಸೇರುವ ವೇದಾವತಿಗೆ ಇಲ್ಲಿಯವರ ಬಾಯಲ್ಲಿ ಹಗರಿ ಎಂದೇ ಹೆಸರು. ಇಂಥ ಹೊಳೆ, ಹಳ್ಳಗಳ ತೇವವೇ ಬಯಲುಸೀಮೆಯಲ್ಲಿ ಈಚಲಿಗೆ ಆಸರೆ. ಸಸ್ಯಶಾಸ್ತ್ರದಲ್ಲಿ ಇದು ಫೀನಿಕ್ಸ್ ಸಿಲ್ವೆಸ್ಟ್ರಿಸ್, ಖರ್ಜೂರದ ಕಾಡು ದಾಯಾದಿ.

ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಹೆಣ್ಣಿನಲ್ಲಿ ಮಾತ್ರ. ಬೇಸಿಗೆ ಕಳೆದು ಮುಂಗಾರು ಹಿಡಿಯುವ ಹೊತ್ತಿಗೆ ಗೊನೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಣ್ಣು ಹೆಬ್ಬೆರಳ ತುದಿಯಷ್ಟು, ಅದರಲ್ಲೂ ಬೀಜವೇ ಹೆಚ್ಚು. ಕಾಯಿ ಕಚ್ಚಿದರೆ ನಾಲಿಗೆ ಒಗರು. ಕಪ್ಪಿಟ್ಟ ಹಣ್ಣು ಸಿಹಿ. ಕೀಳುವಾಗ ಗರಿಯ ಬುಡದ ಮುಳ್ಳಿನ ಮೇಲೆ ಕಣ್ಣಿರಲಿ.

ಸುಳಿಯ ಕೆಳಗೆ ಕೆತ್ತಿದರೆ ರಸ ಒಸರುತ್ತದೆ. ನಸುಕಿನಲ್ಲಿ ಇಳಿಸಿದರೆ ಸಿಹಿ ನೀರಾ, ಬಿಸಿಲೇರಿದರೆ ಹುಳಿತು ಸೇಂದಿ. ವರ್ಷ ಬಿಟ್ಟು ವರ್ಷ ಎದುರುಬದುರು ಕೆತ್ತಿದ ಮರದ ಕಾಂಡ ಅಂಕುಡೊಂಕಾಗುತ್ತದೆ: ಎಷ್ಟು ಗಾಯವೋ ಅಷ್ಟು ವರ್ಷದ ಕೆತ್ತನೆ. ಸುಳಿಯೊಳಗಿನ ಬಿಳಿ ತಿರುಳನ್ನೂ ತಿನ್ನಬಹುದು. ಆದರೆ ಮರಕ್ಕಿರುವುದು ಒಂದೇ ಸುಳಿ. ಅದನ್ನು ಕಡಿದರೆ ಮರವೇ ಹೋಯಿತು.

ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆ. ಈ ಕಸುಬು ಹೆಚ್ಚಾಗಿ ಕೊರಮ, ಕೊರಚ ಸಮುದಾಯದವರ ಕೈಯಲ್ಲಿ ಉಳಿದುಬಂದಿದೆ.

ಮಲೆನಾಡಿನ ಮಳೆಕಾಡಿನಲ್ಲಿ ರಸ ಕೊಡುವ ಮರ ಬೈನೆ. ಅದರ ಕಾಂಡದ ತಿರುಳಿನಿಂದ ಹಿಟ್ಟೂ ಸಿಗುತ್ತದೆ. ಬೈನೆ ಬಲಿತ ಮೇಲೆ ತುದಿಯಿಂದ ಕೆಳಕ್ಕೆ ಒಂದೊಂದೇ ಗೊನೆ ಬಿಡುತ್ತಾ ಬಂದು, ಕೊನೆಯ ಗೊನೆಯೊಂದಿಗೆ ಸಾಯುತ್ತದೆ. ಈಚಲು ಹಾಗಲ್ಲ, 10 ರಿಂದ 15 ಮೀಟರ್ ಬೆಳೆದು ವರ್ಷವರ್ಷವೂ ಹೂಬಿಡುತ್ತದೆ.

ದಯವಿಟ್ಟು ಗರಿ ಕೀಳಬೇಡಿ. ಉದುರಿದ ಹಣ್ಣು ನಿಮ್ಮದು.